ಹೀಟರಿಗೆ ಚಳಿ

ಚಿಕ್ಕಬಳ್ಳಾಪುರದಲ್ಲಿ ಕಾರಿನ ಹೀಟರ್ ರಿಪೇರಿಗೆ ಕೂತಿದ್ದೇನೆ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಹಣೆ ಮುಟ್ಟಿ ನೋಡುತ್ತಾರೆ. "ಹಾಲ್‌ನ ಫ್ಯಾನು ತಿರುಗದೆ ತಿಂಗಳಾಯ್ತು, ನಿಮಗೆ ಹೀಟರ್ ಬೇಕಾ?" ಎಂದಳು ಹೆಂಡತಿ. ಫ್ಯಾನಿನ ವಿಷಯದಲ್ಲಿ ಅವಳು ಹೇಳಿದ್ದು ಸರಿಯೇ. ಅದನ್ನು ಇಲ್ಲಿಗೆ ಬಿಡೋಣ.

ನನ್ನದು 1972ರ ಅಂಬಾಸಿಡರ್. ಯಾವುದೋ ಚಳಿ ಊರಿನಲ್ಲಿದ್ದ ಹಿಂದಿನ ಮಾಲೀಕರೊಬ್ಬರು ಡ್ಯಾಶ್‌ಬೋರ್ಡಿನ ಕೆಳಗೆ ಹೀಟರ್ ಹಾಕಿಸಿಕೊಂಡಿದ್ದರು. ಡಿಸೆಂಬರಿನಲ್ಲಿ ಬೆಳಗಿನ ಐದಕ್ಕೆ ನಂದಿ ಬೆಟ್ಟಕ್ಕೆ ಹೊರಟರೆ ಅದರ ಬೆಲೆ ಗೊತ್ತಾಗುತ್ತದೆ. ಹೊರಗೆ ಮಂಜು, ಒಳಗೆ ಐದು ಜನರ ಉಸಿರು. ಮುಂದಿನ ಗಾಜು ಹಬೆ ಹಿಡಿದು ಇಡ್ಲಿ ಪಾತ್ರೆಯ ಮುಚ್ಚಳದ ಹಾಗಾಗುತ್ತದೆ. ಪಕ್ಕದಲ್ಲಿ ಕೂತ ಭಾವಮೈದ ಬಟ್ಟೆ ಹಿಡಿದು ಒರೆಸುತ್ತಲೇ ಇರಬೇಕು. ಅವನು ನಿದ್ದೆ ಹೋದರೆ ನಾನೂ ಕಣ್ಣು ಮುಚ್ಚಿ ಓಡಿಸಿದಂತೆಯೇ.

ಕಾರಿನ ಹೀಟರಿನಲ್ಲೂ ಗೀಸರಿನ ಹಾಗೆ ಕಾಯಿಲ್ ಕಾಯುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಅಂಥದ್ದೇನೂ ಇಲ್ಲ. ಎಂಜಿನ್ ಸುತ್ತಿ ಬಂದ ಬಿಸಿನೀರು ಪುಟ್ಟ ರೇಡಿಯೇಟರೊಂದರಲ್ಲಿ ಹಾಯುತ್ತದೆ. ಅದರ ಮೇಲೆ ಒಂದು ಫ್ಯಾನು ಗಾಳಿ ಬೀಸುತ್ತದೆ. ಅಡುಗೆ ಆದ ಮೇಲೆ ಒಲೆಯ ಕೆಂಡದಲ್ಲಿ ಹಾಲು ಬೆಚ್ಚಗಿಟ್ಟ ಹಾಗೆ. ಕರೆಂಟಿನ ಕೆಲಸ ಫ್ಯಾನು ತಿರುಗಿಸುವುದಷ್ಟೇ. ನನ್ನ ಫ್ಯಾನು ಮಾತ್ರ ಸ್ವಿಚ್ ಹಾಕಿದರೆ "ಗೊಂಯ್" ಎಂದು ನರಳಿ ಸುಮ್ಮನಾಗುತ್ತಿತ್ತು.

"ಮೋಟರ್ ಹೋಗಿದೆ ಸಾರ್" ಎಂದರು ಮೊದಲ ಗ್ಯಾರೇಜಿನವರು. ಬಾನೆಟ್ ಕೂಡ ಎತ್ತಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದೆ, ಅಂಥ ಮೋಟರ್ ಸಿಗಲಿಲ್ಲ. ಮನೆಗೆ ಬಂದು ಹಟಕ್ಕೆ ಬಿದ್ದು ಮೋಟರ್ ಬಿಚ್ಚಿ ಬ್ಯಾಟರಿಗೆ ನೇರ ಮುಟ್ಟಿಸಿದೆ. ಬರ್ರೆಂದು ತಿರುಗಿತು, ಹಳೆಯ ಧೂಳೆಲ್ಲ ನನ್ನ ಮುಖಕ್ಕೆ.

ಹಾಗಾದರೆ ತಂತಿಯದೇ ಕಿತಾಪತಿ. ಬ್ರಿಟಿಷ್ ಮಾದರಿಯ ಹಳೆ ಕಾರುಗಳಲ್ಲಿ ಬಣ್ಣಕ್ಕೊಂದು ಲೆಕ್ಕವಿದೆ. ಕಂದು ಎಂದರೆ ಬ್ಯಾಟರಿಯಿಂದ ನೇರ ಬಂದದ್ದು. ಹಸಿರು ಎಂದರೆ ಕೀ ತಿರುಗಿಸಿದ ಮೇಲೆ ಫ್ಯೂಸ್ ದಾಟಿ ಬರುವುದು. ಕಪ್ಪು ಎಂದರೆ ಅರ್ತಿಂಗ್, ಅಂದರೆ ಕರೆಂಟು ಕಾರಿನ ಲೋಹದ ಮೈ ಹಿಡಿದು ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಲೆಕ್ಕ ಚೆನ್ನಾಗಿದೆ. ಆದರೆ ನನ್ನ ಕಾರಿಗೆ ಐವತ್ತು ವರ್ಷ ಕೈ ಹಾಕಿದವರೆಲ್ಲ ಸಿಕ್ಕಿದ ವೈರು ಸೇರಿಸಿದ್ದಾರೆ. ಒಂದು ಕಡೆ ಮದುವೆ ಮನೆ ಸೀರಿಯಲ್ ಸೆಟ್ಟಿನ ವೈರೂ ಇತ್ತು. ಯಾರ ಮದುವೆಯದೋ.

ಫ್ಯೂಸ್ ತೆಗೆದು ಅದರ ಹಿಡಿಗಳ ಕಿಲುಬು ಉಜ್ಜಿದೆ. ಸ್ವಿಚ್ಚಿನ ಒಳಗೂ ಎಮರಿ ಪೇಪರ್ ಆಡಿಸಿದೆ. ಮಲ್ಟಿಮೀಟರ್ ಹಿಡಿದರೆ ಮೋಟರಿನ ವೈರಿನ ತುದಿಯಲ್ಲಿ ಪೂರ್ತಿ 12 ವೋಲ್ಟ್. ಆದರೂ ಮೋಟರ್ ಜೋಡಿಸಿದರೆ ಅದೇ ಗೊಂಯ್. ಮೀಟರ್ ಕುಡಿಯುವ ಕರೆಂಟು ಎಷ್ಟು? ಉದ್ಧರಣೆ ತೀರ್ಥದಷ್ಟು. ಅಷ್ಟಕ್ಕೆ ತಂತಿಯ ಒಂದೇ ಎಳೆ ಉಳಿದಿದ್ದರೂ ಸಾಕು. ಮೋಟರಿಗೆ ಬೇಕಾದದ್ದು ಕೊಡಗಟ್ಟಲೆ.

ಕೊನೆಗೆ ಬಿ.ಬಿ. ರಸ್ತೆ ಕಡೆಯ ಹಳೆ ಆಟೋ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆತಂದೆ. ಎಲ್ಲ ಕೇಳಿಸಿಕೊಂಡು, "ಹೋಗೋ ಕರೆಂಟು ನೋಡಿದ್ರಿ ಸರಿ. ವಾಪಸ್ ಬರೋದು ನೋಡಿದ್ರಾ ಸಾರ್?" ಎಂದರು. ನೋಡಿರಲಿಲ್ಲ. ಸ್ವಿಚ್ ಹಾಕಿಸಿ, ಮೀಟರಿನ ಒಂದು ಕಡ್ಡಿ ಮೋಟರಿನ ಕಪ್ಪು ತಂತಿಗೆ, ಇನ್ನೊಂದನ್ನು ಬ್ಯಾಟರಿಯ ಅರ್ತಿಂಗ್ ಕಡೆಗೆ ಇಟ್ಟರು. ಹತ್ತಿರ ಹತ್ತಿರ ಸೊನ್ನೆ ಬರಬೇಕಾದ ಕಡೆ 9 ಬಂತು. ಹನ್ನೆರಡರಲ್ಲಿ ಒಂಬತ್ತು ವೋಲ್ಟ್ ವಾಪಸ್ ದಾರಿಯಲ್ಲೇ ಕರಗುತ್ತಿತ್ತು. ಮೋಟರಿಗೆ ಉಳಿದದ್ದು ನರಳುವಷ್ಟು.

ಕಪ್ಪು ತಂತಿ ಕಾರಿನ ಮೈಗೆ ಸೇರುವ ಸ್ಕ್ರೂ ಬಿಚ್ಚಿದರು. ಕೆಳಗೆ ಮಿರಮಿರ ಮಿಂಚುವ ಕೆನೆ ಬಣ್ಣ! ಮೂರು ವರ್ಷದ ಹಿಂದೆ ನಾನೇ ಪೇಂಟರ್ ಪಕ್ಕದಲ್ಲಿ ನಿಂತು, "ಒಂದು ಮೂಲೆಯೂ ಬಿಡಬೇಡಪ್ಪಾ, ಇನ್ನೊಂದು ಕೋಟ್ ಹೊಡಿ" ಎಂದು ಹೊಡೆಸಿದ್ದು. ಅವರು ಬಣ್ಣ ಕೆರೆದು, ಲೋಹ ಹೊಳೆಯುವ ತನಕ ಉಜ್ಜಿ, ಸ್ಕ್ರೂ ಬಿಗಿದರು. ಹತ್ತು ನಿಮಿಷದ ಕೆಲಸ. ಗಾಳಿ ಬಂತು. "ಪೇಂಟು ಚೆನ್ನಾಗದೆ ಸಾರ್" ಎಂದೂ ಅಂದರು. ಹೊಗಳಿದ್ದೋ ಚುಚ್ಚಿದ್ದೋ ತಿಳಿಯಲಿಲ್ಲ.

ಅಷ್ಟು ಹೊತ್ತಿಗೆ ಮಾರ್ಚ್ ಮುಗಿದಿತ್ತು.

ಏಪ್ರಿಲ್‌ನಲ್ಲಿ ನೆಂಟರು ಬಂದರು, ನಂದಿಗೆ ಹೋಗಲೇಬೇಕು ಎಂದರು. ಬೆಟ್ಟ 1478 ಮೀಟರ್ ಎತ್ತರ, ಕಾರಿನಲ್ಲಿ ಆರು ಜನ, ಜೊತೆಗೆ ಪುಳಿಯೋಗರೆ ಡಬ್ಬಿ. ಅರ್ಧ ಹತ್ತುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪಿನ ಕಡೆ ವಾಲಿತು. ಹಳೆ ಡ್ರೈವರುಗಳ ಉಪಾಯವೊಂದು ನೆನಪಾಯಿತು. ಎಂಜಿನ್ ಕಾದಾಗ ಹೀಟರ್ ಪೂರ್ತಿ ಹಾಕಿದರೆ ಆ ಪುಟ್ಟ ರೇಡಿಯೇಟರೂ ದೊಡ್ಡದಕ್ಕೆ ಕೈ ಜೋಡಿಸುತ್ತದೆ, ಬಿಸಿ ನಮ್ಮ ಕಾಲಿನ ಮೇಲೆ ಬೀಳುತ್ತದೆ. ಕಿಟಕಿ ಎಲ್ಲ ಇಳಿಸಲು ಹೇಳಿ ಸ್ವಿಚ್ ಹಾಕಿದೆ. ಮುಳ್ಳು ಮೆಲ್ಲಗೆ ಹಿಂದಕ್ಕೆ ಬಂತು.

ಮುಂದೆ ಕೂತಿದ್ದ ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, "ಎ.ಸಿ. ಹಾಕಿಸಿದ್ದೀಯೇನೋ, ಸ್ವಲ್ಪ ಜಾಸ್ತಿ ಇಡು" ಎಂದರು.