ಆಕಾಶಬುಟ್ಟಿಯ ಹೊಟ್ಟೆಯೊಳಗೆ

ಪೇಟೆಯ ಪ್ಲಾಸ್ಟಿಕ್ ಆಕಾಶಬುಟ್ಟಿ ಬೇಡ, ಈ ದೀಪಾವಳಿಗೆ ನಾನೇ ಮಾಡುತ್ತೇನೆ ಎಂದು ಮನೆಯಲ್ಲಿ ಸಾರಿಬಿಟ್ಟಿದ್ದೆ. ಬಿದಿರಿನ ಕಡ್ಡಿ ಸೀಳಿ, ಮೈದಾ ಅಂಟು ಕುದಿಸಿ, ಗಾಳಿಪಟದ ಹಾಳೆ ಅಂಟಿಸಿ ಎರಡೇ ದಿನದಲ್ಲಿ ಮುಗಿಸಿದೆ. ಧಾರವಾಡದ ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಕೈಯಾರೆ ಮಾಡಿದ ಬುಟ್ಟಿ ಅದೊಂದೇ. ಇನ್ನೇನು, ಒಳಗೊಂದು ಬಲ್ಬು ಹಾಕಿದರೆ ಆಯ್ತಲ್ವಾ ಅಂದುಕೊಂಡೆ.

ಅಟ್ಟದಲ್ಲಿ 60 ವ್ಯಾಟಿನ ಹಳೇ ಗುಂಡು ಬಲ್ಬು ಸಿಕ್ಕಿತು. ಆಹಾ, ಆ ಹಳದಿ ಬೆಳಕು! ಹತ್ತು ನಿಮಿಷ ಕಣ್ತುಂಬ ನೋಡಿದೆ. ಆಮೇಲೆ ಮೂಗೂ ತುಂಬಿತು.

"ಅಲ್ರೀ, ಏನೋ ಸೀದ ವಾಸನಿ ಬರ್ಲಿಕ್ಕತ್ತದ" ಅಂದಳು ಹೆಂಡತಿ.

ಬುಟ್ಟಿಯ ಒಂದು ಕೆನ್ನೆ ಕಂದಿತ್ತು. ಈ ಬಲ್ಬು ತಿನ್ನುವ ಕರೆಂಟಿನಲ್ಲಿ ನೂರಕ್ಕೆ 90 ಪಾಲು ಬಿಸಿಯಾಗಿಯೇ ಹೋಗುತ್ತದೆ. ಹಪ್ಪಳ ಸುಡಲು ನೋಡಬಹುದು. ಝೀರೋ ಬಲ್ಬಿನ ವಿಚಾರವೂ ಬಂತು, ಆದರೆ ಅದು ಹೆಸರಿಗಷ್ಟೇ ಝೀರೋ. ತಿನ್ನೋದು 12–15 ವ್ಯಾಟು!

ಬಚ್ಚಲಮನೆಯ 9 ವ್ಯಾಟಿನ ಎಲ್‌ಇಡಿ ಬಿಚ್ಚಿ ತಂದೆ. ವಾಸನೆ ಬರಲಿಲ್ಲ. ಆದರೆ ಆ ಬಿಳಿಗೆ ಓಣಿಯಲ್ಲಿ ಹೊಸ ದವಾಖಾನೆ ತೆರೆದಂತಾಯಿತು. ಜೊತೆಗೆ, ಇಂಥ ಎಲ್‌ಇಡಿ ಬಲ್ಬಿನ ಬುಡದ ಕಡೆ ಬೆಳಕು ಬೀಳುವುದೇ ಕಮ್ಮಿ. ತಲೆಕೆಳಗಾಗಿ ತೂಗಿಬಿಟ್ಟಾಗ ಬುಟ್ಟಿಯ ಮೇಲಿನರ್ಧ ಕತ್ತಲೆ. ಅತ್ತ ಬಚ್ಚಲಲ್ಲೂ ಕತ್ತಲೆ, ಅಪ್ಪನ ಬೈಗುಳ ಬೇರೆ.

ಮರುದಿನ ಹುಬ್ಬಳ್ಳಿಯ ದುರ್ಗದ ಬೈಲಿಗೆ ಹೋದೆ. ಅಂಗಡಿಯವನು ಡಬ್ಬಿ ತಿರುಗಿಸಿ ತೋರಿಸಿದ. "6500 ಕೆಲ್ವಿನ್ ಅಂದ್ರ ಟ್ಯೂಬ್‌ಲೈಟ್ ಗತೆ ಬೆಳ್ಳಗ ಇರ್ತೈತ್ರಿ ಸರ. ನಿಮಗ ಹಳದಿ ಬೆಳಕಿಗೆ 2700, ಇಲ್ಲಾ 3000ದ್ದು ಬೇಕು." ಇಷ್ಟು ವರ್ಷ ಬಲ್ಬು ಕೊಳ್ಳುವಾಗ ಬರೀ ವ್ಯಾಟು ನೋಡುತ್ತಿದ್ದ ನಾನು ಸುಮ್ನೆ ತಲೆಯಾಡಿಸಿದೆ. ಸ್ವಾತಿ ಮಳೆ ಯಾವಾಗ ಹೊಡೆಯುತ್ತದೋ, ಅಂಗಳಕ್ಕೆ ಕರೆಂಟಿನ ವೈರು ಎಳೆಯಲು ಧೈರ್ಯವಿರಲಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಹಳದಿ ಎಲ್‌ಇಡಿ ಸರ ತಂದೆ. ಬುಟ್ಟಿಯೊಳಗೆ ಪವರ್ ಬ್ಯಾಂಕ್ ಕಟ್ಟಿದೆ. ಮೇಲಿಂದ ಕೆಳಗಿನವರೆಗೂ ಬೆಳಕು, ಬಿಸಿಯಿಲ್ಲ, ವಾಸನೆಯಿಲ್ಲ. ಹಗ್ಗ ಎಳೆದು ಮೇಲೇರಿಸಿ ಹೆಂಡತಿಯನ್ನು ಕರೆದೆ. ಅವಳು ಹೊರಗೆ ಬರುವಷ್ಟರಲ್ಲಿ ಆರಿತು.

ಇಳಿಸಿ ಗುಂಡಿ ಒತ್ತಿದೆ. ಏರಿಸಿದೆ. ಮತ್ತೆ ಆರಿತು. ನಾಲ್ಕನೇ ಸಲಕ್ಕೆ ಎದುರು ಮನೆಯ ಹುಡುಗರು ಎಣಿಸತೊಡಗಿದರು. ಕಾರಣ ಆಮೇಲೆ ಗೊತ್ತಾಯಿತು. ಸರ ಎಳೆಯುವ ಕರೆಂಟು ತೀರಾ ಕಮ್ಮಿಯಾದರೆ, ಮೊಬೈಲು ಚಾರ್ಜ್ ಆಗಿ ಮುಗಿಯಿತೆಂದು ತಿಳಿದು ಪವರ್ ಬ್ಯಾಂಕ್ ತಾನೇ ಮಲಗಿಬಿಡುತ್ತದಂತೆ.

ಸರಿ, ಅದಕ್ಕೆ ಮೊಬೈಲೇ ಬೇಕು ತಾನೇ? ಪವರ್ ಬ್ಯಾಂಕಿಗೆ ಎರಡು ಕಿಂಡಿ ಇದ್ದವು. ಒಂದಕ್ಕೆ ಸರ. ಇನ್ನೊಂದಕ್ಕೆ, ಬ್ಯಾಟರಿ ಮುಗಿಯುತ್ತ ಬಂದಿದ್ದ ನನ್ನ ಮೊಬೈಲು. ಬುಟ್ಟಿ ಗಟ್ಟಿಯಾಗಿ ಉರಿಯಿತು! ಹಗ್ಗಕ್ಕೆ ಮೂರು ಗಂಟು ಬಿಗಿದು ಪೂಜೆಗೆ ಕುಳಿತೆ.

ಆರತಿಯ ಹೊತ್ತಿಗೆ ಪಕ್ಕದ ಮನೆಯ ಕಾಕು ಕಾಂಪೌಂಡಿನಿಂದಲೇ ಕೂಗಿದರು. "ಏನಪಾ, ನಿಮ್ಮ ಬುಟ್ಟಿ ಹಾಡ್ಲಿಕ್ಕತ್ತದಲ್ಲೋ!"

ಆರತಿ ತಟ್ಟೆ ಹೆಂಡತಿಯ ಕೈಗಿಟ್ಟು ಓಡಿದೆ. ಮೂರು ಗಂಟು ಬಿಚ್ಚಿ ಬುಟ್ಟಿ ಇಳಿಸುವಷ್ಟರಲ್ಲಿ ಎರಡು ಸಲ ಹಾಡಿ ಮುಗಿಸಿತ್ತು. ಮೂರನೇ ಸಲಕ್ಕೆ ಹಾಳೆ ಹರಿದು ಕೈ ಹಾಕಿ ಎತ್ತಿದೆ. ಗದಗಿನಿಂದ ಅಣ್ಣ.

"ಯಾಕೋ, ಫೋನ್ ಎತ್ತವಲ್ಲಿ? ಇರ್ಲಿ, ಆಕಾಶಬುಟ್ಟಿ ಹಾಕಿದ್ಯೋ ಇಲ್ಲೋ?"