ನಾಲ್ಕು ಬೆಲ್ಟ್ ಇದ್ದರೆ ಚಾಂಪಿಯನ್ ಯಾರು?

ಬಾಕ್ಸಿಂಗ್ ಕಾಲ ಮುಗಿಯಿತು, ಇನ್ನು ಎಂಎಂಎ (ಗುದ್ದು, ಒದೆ, ಕುಸ್ತಿ ಪಟ್ಟು ಎಲ್ಲ ಸೇರಿದ ಮಿಶ್ರ ಕಾಳಗ) ಹವಾ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ಬಾಕ್ಸಿಂಗ್‌ನವರು ತಮ್ಮ ತಲೆ ಮೇಲೆ ತಾವೇ ಕಲ್ಲು ಎಳೆದುಕೊಂಡಿದ್ದಾರೆ. ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಅಂತ ನಾಲ್ಕು ಸಂಸ್ಥೆ, ಒಂದೇ ತೂಕಕ್ಕೆ ನಾಲ್ಕು ಬೆಲ್ಟ್! ನಿಜವಾದ ಚಾಂಪಿಯನ್ ಯಾರು ಅಂದರೆ ತಲೆ ಕೆರೆದುಕೊಳ್ಳಬೇಕು. 1993ರಲ್ಲಿ ಶುರುವಾದ ಎಂಎಂಎ ಸಂಸ್ಥೆ ಯುಎಫ್‌ಸಿಯಲ್ಲಿ ಈ ಗೋಜಲು ಕಡಿಮೆ.

ನಮ್ಮ ಕಲಬುರಗಿ ಕಡೆ ಎಂಎಂಎ ಹಿಡಿಸೋಕೆ ಇನ್ನೊಂದು ಕಾರಣ ಇದೆ. ಇಲ್ಲಿ ಜಾತ್ರೆ ಅಂದ್ರೆ ಕುಸ್ತಿ. ಪೈಲ್ವಾನರು ಮಣ್ಣಲ್ಲಿ ಉರುಳಾಡುವುದನ್ನು ನೋಡಿ ಬೆಳೆದವರಿಗೆ ಯುಎಫ್‌ಸಿ ಚಾಂಪಿಯನ್ ಆಗಿದ್ದ ಖಬೀಬ್ ಎದುರಾಳಿಯನ್ನು ಕೆಡವಿ ಒತ್ತಿ ಹಿಡಿಯುವುದು ಹೊಸದೇನಲ್ಲ. ನಮ್ಮ ಕಾಕಾ ಮೊಬೈಲಲ್ಲಿ ನೋಡಿ, "ಪಟ್ಟು ನಮ್ಮದೇ, ಗುದ್ದೋದೊಂದು ಜಾಸ್ತಿ" ಅಂದಿದ್ದರು.

ಆದರೆ ಮನೆ ಹುಡುಗರಿಗೆ ಕಲಿಸೋದಾದ್ರೆ ನನ್ನ ಮತ ಬಾಕ್ಸಿಂಗ್‌ಗೇ. ಒಲಿಂಪಿಕ್ಸ್‌ನಲ್ಲಿ ಅದಿದೆ, ಎಂಎಂಎ ಇಲ್ಲ. ವಿಜೇಂದರ್, ಮೇರಿ ಕೋಮ್, ಲವ್ಲಿನಾ ಪದಕ ತಂದಿದ್ದು ಅಲ್ಲಿಂದಲೇ ಅಲ್ವಾ? ದುಡ್ಡಿನ ಮಾತೂ ಅಷ್ಟೇ. 2017ರಲ್ಲಿ ಯುಎಫ್‌ಸಿಯ ದೊಡ್ಡ ತಾರೆ ಮೆಕ್‌ಗ್ರೆಗರ್, ಬಾಕ್ಸಿಂಗ್ ದಿಗ್ಗಜ ಮೇವೆದರ್ ಜೊತೆ ಸೆಣಸಲು ಬಾಕ್ಸಿಂಗ್ ರಿಂಗಿಗೇ ಬಂದರು. 10ನೇ ಸುತ್ತಿನಲ್ಲಿ ಸೋತರು, ಆದರೆ ಜೇಬು ತುಂಬಿಸಿಕೊಂಡೇ ಹೋದರು ಅನ್ನಿ.