ಹಣಿಗೆಯ ಉದ್ರಿ ಲೆಕ್ಕ

ನಮ್ಮ ಬಚ್ಚಲುಮನೆಯ ಗೋಡೆಯ ಮೊಳೆಗೆ ಒಂದು ಪ್ಲಾಸ್ಟಿಕ್ ಚೀಲ ತೂಗುತ್ತಿರುತ್ತದೆ. ಮನೆಯ ಮೂವರು ಹೆಂಗಸರು ತಲೆ ಬಾಚಿಕೊಂಡ ಮೇಲೆ ಹಣಿಗೆಯಲ್ಲಿ ಉಳಿದ ಕೂದಲನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ, ಅದರೊಳಗೆ ಹಾಕುತ್ತೇವೆ. ಎರಡು ಮೂರು ತಿಂಗಳಿಗೊಮ್ಮೆ ಬಾಗಲಕೋಟೆಯ ನವನಗರದ ನಮ್ಮ ಓಣಿಗೆ ಸ್ಟೀಲ್ ಪಾತ್ರೆಗಳ ಬುಟ್ಟಿ ಹೊತ್ತ ಹೆಣ್ಣುಮಗಳೊಬ್ಬಳು ಬಂದು, ಚೀಲವನ್ನು ಅಂಗೈಯಲ್ಲಿ ತೂಗಿ ನೋಡಿ, ತೂಕಕ್ಕೆ ತಕ್ಕ ಬಟ್ಟಲನ್ನೋ ಸೌಟನ್ನೋ ಕೊಟ್ಟು ಹೋಗುತ್ತಾಳೆ. ಇಂಥ ಸಿಕ್ಕುಗೂದಲು ಕೊಪ್ಪಳದ ಭಾಗ್ಯನಗರವನ್ನು ಸೇರಿ, ಅಲ್ಲಿ ಸಿಕ್ಕು ಬಿಡಿಸಿಕೊಂಡು, ಉದ್ದಕ್ಕೆ ತಕ್ಕಂತೆ ವಿಂಗಡವಾಗಿ, ಕೊನೆಗೆ ಯಾವುದೋ ದೇಶದ ಯಾರದೋ ತಲೆಯ ಮೇಲೆ ವಿಗ್ ಆಗಿ ಕೂರುತ್ತದೆಯಂತೆ. ನಮ್ಮ ತಲೆಯಲ್ಲಿ ನಿಲ್ಲದ್ದು ಅಲ್ಲಾದರೂ ನಿಲ್ಲಲಿ ಎಂದು ಹರಸುವಷ್ಟು ಔದಾರ್ಯ ಮಾತ್ರ ನನಗಿನ್ನೂ ಬಂದಿಲ್ಲ.

ಕಳೆದ ವರ್ಷದ ದೀಪಾವಳಿಯ ಹೊತ್ತಿಗೆ ಆ ಚೀಲ ಒಂದೇ ತಿಂಗಳಲ್ಲಿ ತುಂಬಿತು, ಅದರಲ್ಲಿ ಬಹುಪಾಲು ನನ್ನದೇ. ನವನಗರದಲ್ಲಿ ಕೂದಲು ಉದುರಿದರೆ ಮೊದಲ ಆರೋಪಿ ನೀರು. ಘಟಪ್ರಭೆಯ ದಂಡೆಯ ಹಳೆಯ ಊರಿನಲ್ಲಿ ಬೆಳೆದ ನಮ್ಮ ಅತ್ತೆಯವರು, ಆಲಮಟ್ಟಿಯ ಹಿನ್ನೀರಿಗೆ ಓಣಿ ಮುಳುಗಿ ಇಲ್ಲಿಯ ಸೆಕ್ಟರಿಗೆ ಬಂದ ದಿನದಿಂದಲೂ ಒಂದೇ ಮಾತನ್ನು ಹೇಳುತ್ತಾರೆ: ಮುಳುಗಡೆಯಲ್ಲಿ ಮನೆಯೊಂದೇ ಹೋಗಲಿಲ್ಲ, ನನ್ನ ಹೆರಳೂ ಹೋಯಿತು. ಊರು ಬಿಟ್ಟಾಗ ಅವರಿಗೆ ಐವತ್ತರ ಹತ್ತಿರದ ವಯಸ್ಸು, ಮುಟ್ಟು ನಿಲ್ಲುತ್ತಿದ್ದ ಕಾಲವದು ಎಂಬುದನ್ನು ನಾನು ಲೆಕ್ಕ ಹಾಕಿ ತಿಳಿದಿದ್ದರೂ ಬಾಯಿ ಬಿಟ್ಟು ಹೇಳಿಲ್ಲ. ಗಡಸು ನೀರು ಕೂದಲಿನ ಮೈಯನ್ನು ಒರಟಾಗಿಸೀತು, ತುದಿಯನ್ನು ತುಂಡರಿಸೀತು. ಬೇರು ಸಡಿಲಿಸುವ ಕೆಲಸ ಹೆಚ್ಚಾಗಿ ದೇಹದ ಒಳಗಿನಿಂದಲೇ ನಡೆಯುತ್ತದೆ.

ಚಿಕಿತ್ಸೆಯ ಮೊದಲ ಸುತ್ತು ಅಡುಗೆಮನೆಯಲ್ಲೇ ಆಯಿತು. ಔಡಲೆಣ್ಣೆ, ಮೆಂತ್ಯದ ಹಿಟ್ಟು, ದಾಸವಾಳದ ಎಲೆ ಎಲ್ಲವೂ ತಲೆಯೇರಿ ಇಳಿದವು. ಉಳ್ಳಾಗಡ್ಡಿಯ ರಸ ಹಚ್ಚಿಕೊಂಡ ವಾರ ಮಕ್ಕಳು ನನ್ನ ಮಗ್ಗುಲಿಗೆ ಮಲಗಲು ಒಪ್ಪಲಿಲ್ಲ. ನಾದಿನಿ ತಂದುಕೊಟ್ಟ ಬಯೋಟಿನ್ ಎಂಬ ಜೀವಸತ್ವದ ಗುಳಿಗೆಗಳನ್ನೂ ನುಂಗಿದೆ. ಆ ಗುಳಿಗೆ ಹೆಚ್ಚಿನ ಪ್ರಮಾಣದಲ್ಲಿದ್ದರೆ ಥೈರಾಯ್ಡಿನ ರಕ್ತಪರೀಕ್ಷೆಯ ಫಲಿತಾಂಶವನ್ನೇ ತಪ್ಪಿಸಬಲ್ಲದೆಂದು ಆಮೇಲೆ ತಿಳಿಯಿತು.

ಕೊನೆಗೆ ಕಂಡ ಚರ್ಮವೈದ್ಯೆ ನೀರನ್ನಾಗಲಿ ಎಣ್ಣೆಯನ್ನಾಗಲಿ ವಿಚಾರಿಸಲಿಲ್ಲ. ಮೂರು ತಿಂಗಳ ಹಿಂದೆ ಏನಾಗಿತ್ತು ಎಂದಷ್ಟೇ ಕೇಳಿದರು. ಮಳೆಗಾಲದಲ್ಲಿ ಡೆಂಗಿ ಬಂದು ಹತ್ತು ದಿನ ಮಲಗಿದ್ದನ್ನು ನಾನು ಮರೆತೇಬಿಟ್ಟಿದ್ದೆ, ಕೂದಲು ಮರೆತಿರಲಿಲ್ಲ. ತಲೆಯ ಮೇಲಿನ ಸುಮಾರು 1 ಲಕ್ಷ ಕೂದಲುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಸದಾ ಬೆಳೆಯುತ್ತಿರುತ್ತವೆ, ಉಳಿದವು ವಿಶ್ರಾಂತಿಯಲ್ಲಿರುತ್ತವೆ. ವಿಶ್ರಾಂತಿ ಮುಗಿದವು ದಿನಕ್ಕೆ 50ರಿಂದ 100ರವರೆಗೆ ಉದುರುವುದು ಸಹಜ. ಜೋರು ಜ್ವರ, ಶಸ್ತ್ರಚಿಕಿತ್ಸೆ, ಹೆರಿಗೆ, ಅತಿಯಾದ ಉಪವಾಸಗಳಂಥ ಪೆಟ್ಟು ಬಿದ್ದಾಗ ದೇಹವು ಬೆಳೆಯುತ್ತಿದ್ದ ಕೂದಲನ್ನೂ ಒಟ್ಟಿಗೇ ವಿಶ್ರಾಂತಿಗೆ ಕಳಿಸುತ್ತದೆ, ಅವೆಲ್ಲ ಎರಡು ಮೂರು ತಿಂಗಳು ಕಳೆದ ಮೇಲೆ ಒಟ್ಟಿಗೇ ಕಳಚುತ್ತವೆ. ಕಿರಾಣಿ ಅಂಗಡಿಯ ಉದ್ರಿ ಖಾತೆಯ ಹಾಗೆ, ಒಯ್ದ ದಿನ ಒಂದು, ವಸೂಲಿಯ ದಿನ ಇನ್ನೊಂದು. ನಾವೋ ವಸೂಲಿಯ ದಿನ ಎದುರಿಗೆ ಸಿಕ್ಕ ಶಾಂಪೂವಿನ ಮೇಲೆ ತಪ್ಪು ಹೊರಿಸುತ್ತೇವೆ.

ಇದನ್ನು ಕೇಳುತ್ತಿದ್ದಂತೆ ನಮ್ಮ ಅಜ್ಜಿಯ ಮಾತು ನೆನಪಾಯಿತು. ಕೂಸು ನಗಲು ಕಲಿತರೆ ತಾಯಿಯ ಕೂದಲು ಉದುರುತ್ತವೆ ಎಂದು ಆಕೆ ಬಾಣಂತಿಯರಿಗೆ ಹೇಳುತ್ತಿದ್ದಳು, ನಾನದನ್ನು ಮೂಢನಂಬಿಕೆಗಳ ಗಂಟಿಗೆ ಸೇರಿಸಿದ್ದೆ. ಕೂಸು ಮುಖ ನೋಡಿ ನಗುವುದು ಎರಡು ಮೂರು ತಿಂಗಳಿಗೆ. ಬಸಿರಿನಲ್ಲಿ ಹಾರ್ಮೋನಿನ ದೆಸೆಯಿಂದ ಉದುರದೆ ಉಳಿದ ಕೂದಲು ಕಳಚತೊಡಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಕಾರಣವನ್ನು ಕೂಸಿನ ನಗೆಗೆ ಕಟ್ಟಿದರೂ ಅಜ್ಜಿಯ ಪಂಚಾಂಗ ತಪ್ಪಿರಲಿಲ್ಲ.

ನನ್ನ ಬಾಬತ್ತು ತಾನಾಗಿಯೇ ಸರಿಹೋಗುವಂಥದ್ದು, ಆರು ತಿಂಗಳು ತಾಳಬೇಕು ಎಂದರು ವೈದ್ಯೆ. ಆದರೂ ರಕ್ತ ಪರೀಕ್ಷಿಸಿ, ಥೈರಾಯ್ಡ್ ಸರಿಯಿದೆ, ಹಿಮೋಗ್ಲೋಬಿನ್ನೂ ಪರವಾಗಿಲ್ಲ, ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಮಾತ್ರ ತಳ ಕಂಡಿದೆ ಎಂದು ಗುಳಿಗೆ ಬರೆದುಕೊಟ್ಟರು. ರೊಟ್ಟಿ ಉಂಡ ಕೈ ತೊಳೆಯುವ ಮೊದಲೇ ಚಹಾ ಕುಡಿಯುವ ನನ್ನ ಚಟವನ್ನೂ ಬಿಡಿಸಿದರು, ಏಕೆಂದರೆ ಊಟದಲ್ಲಿಯ ಕಬ್ಬಿಣ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ, ಹಿಂಡಿದ ಲಿಂಬೆ ಹತ್ತಿಸುತ್ತದೆ. ಕೂದಲು ಹೋದುದಕ್ಕಿಂತ ಚಹಾ ಹೋದುದೇ ನನಗೆ ಹೆಚ್ಚು ಸಂಕಟವಾಯಿತು.

ಅತ್ತೆಯವರದು ಬೇರೆ ಕತೆ. ಅವರ ಕೂದಲು ಕೈಗೆ ಬರುವುದಿಲ್ಲ. ಬೈತಲೆ ವರ್ಷದಿಂದ ವರ್ಷಕ್ಕೆ ಕಾಲುದಾರಿಯಿಂದ ಗಾಡಿದಾರಿಯಾಗುತ್ತ ಬಂದಿದೆ, ಇಳಕಲ್ ಸೀರೆಯ ಸೆರಗು ತಲೆಯ ಮೇಲಿರುವುದರಿಂದ ಹೊರಗಿನವರಿಗೆ ಗೊತ್ತಿಲ್ಲ, ಅಷ್ಟೆ. ವಂಶವೂ ವಯಸ್ಸೂ ಸೇರಿ ಬೇರನ್ನೇ ಸಣ್ಣದಾಗಿಸುವ ಈ ಬಗೆಗೆ ತಾಳ್ಮೆಯೊಂದೇ ಸಾಲದು, ಔಷಧಿ ಬೇಕು. ಅದಕ್ಕೆ ಹಚ್ಚುವ ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಗುಳಿಗೆಯಾಗಿತ್ತು. ನುಂಗಿದವರಿಗೆ ಬೇಡವಾದ ಕಡೆಯೆಲ್ಲ ಕೂದಲು ಬೆಳೆದದ್ದನ್ನು ಕಂಡು ತಲೆಗೆ ಹಚ್ಚುವಂತೆ ಮಾಡಿದರು. ಹಚ್ಚಿದ ಮೊದಲ ವಾರಗಳಲ್ಲಿ ಉದುರುವಿಕೆ ಹೆಚ್ಚೀತು, ಗುಣ ಕಾಣಲು ನಾಲ್ಕಾರು ತಿಂಗಳು ಬೇಕು, ಬಿಟ್ಟರೆ ಬಂದದ್ದು ಮರಳಿ ಹೋಗುತ್ತದೆ, ಬಸುರಿಯರು ಅದನ್ನು ಮುಟ್ಟಬಾರದು. ಇಷ್ಟೆಲ್ಲ ವಿವರಿಸಿದಾಗ ಅತ್ತೆಯವರು, ಸಾಯುವವರೆಗೆ ಹಚ್ಚುವುದಾದರೆ ಕೊಬ್ಬರಿ ಎಣ್ಣೆಯೇ ಅಗ್ಗ ಎಂದು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು.

ಮಗಳ ಹೆರಳನ್ನು ಮಾತ್ರ ಈಗ ಸಡಿಲವಾಗಿ ಹೆಣೆಯುತ್ತೇನೆ, ಬಿಗಿದು ಕಟ್ಟಿದ ಜಡೆ ವರ್ಷಗಟ್ಟಲೆ ಎಳೆಯುತ್ತ ಹಣೆಯಂಚಿನ ಕೂದಲನ್ನು ಕಾಯಂ ಆಗಿ ಕೀಳಬಲ್ಲದು. ಶಾಲೆ ಮುಟ್ಟುವ ಮೊದಲೇ ಅರ್ಧ ಬಿಚ್ಚಿರುತ್ತದೆ ಎಂಬುದು ಅವಳ ದೂರು.

ಕಳೆದ ವಾರ ಪಾತ್ರೆಯವಳು ಬಂದಿದ್ದಳು. ದೀಪಾವಳಿಯ ಚೀಲಕ್ಕೆ ಮುಚ್ಚಳವಿರುವ ಡಬ್ಬಿಯನ್ನೇ ಕೊಟ್ಟಿದ್ದಳು. ಈ ಸಲ ಅಂಗೈಯಲ್ಲಿ ಎರಡು ಸಲ ತೂಗಿ, ಮುಖ ಸಣ್ಣ ಮಾಡಿ, ಏನ್ರೀ ಅಕ್ಕಾರ, ಇಷ್ಟ ಐತಿ ಎಂದಳು. ಬುಟ್ಟಿಯ ತಳದಿಂದ ಹುಡುಕಿ ತೆಗೆದು ಕೊಟ್ಟದ್ದು ಚಹಾ ಸೋಸುವ ಜಾಲರಿ.